ನೊನ್ನಾ ಗ್ಯಾರೇಜಿನ ಟೊಮೇಟೊ ಮೇಜು

ಅಡಿಲೇಡಿನಲ್ಲಿ ನಾಲ್ಕು ವರ್ಷ ಇದ್ದೆ. ಆ ನಾಲ್ಕು ವರ್ಷದಲ್ಲಿ ಆಫೀಸಿನಲ್ಲಿ ಏನು ಕಡಿದು ಕಟ್ಟೆ ಹಾಕಿದೆ ಎಂದು ಕೇಳಿದರೆ ಒಂದೂ ನೆನಪಿಲ್ಲ. ಯಾವ ಸಾಫ್ಟ್‌ವೇರಿನಲ್ಲಿ ಯಾವ ತಪ್ಪು ಹಿಡಿದೆ, ಯಾವ ಮ್ಯಾನೇಜರ್ ಜೊತೆ ಜಗಳವಾಡಿದೆ, ಎಲ್ಲ ಮರೆತಿದೆ. ತಿಂದದ್ದು ಮಾತ್ರ ಒಂದೊಂದೂ ನೆನಪಿದೆ. ಈಗ ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಮ್ಮ ಬೀದಿಯಲ್ಲೇ ನಾಲ್ಕು ಕನ್ನಡದ ಮನೆಗಳಿವೆ. ಶನಿವಾರ ಬಂತೆಂದರೆ ಯಾರದಾದರೂ ಮನೆಯಲ್ಲಿ ಬಿಸಿಬೇಳೆಬಾತ್ ಇದ್ದೇ ಇರುತ್ತದೆ. ಆದರೂ ಫೆಬ್ರವರಿ ಕೊನೆಗೆ ಕ್ಯಾನಿಂಗ್ಟನ್‌ನ ತರಕಾರಿ ಅಂಗಡಿಯಲ್ಲಿ ಟೊಮೇಟೊ ಪೆಟ್ಟಿಗೆಗಟ್ಟಲೆ ಬಂದು ಕೂತಾಗ ನನಗೆ ಅಡಿಲೇಡ್ ನೆನಪಾಗಿ ಹೊಟ್ಟೆ ಚುರುಕ್ ಎನ್ನುತ್ತದೆ. ಅಂಗಡಿಯಲ್ಲೇ ನಿಂತು ಬ್ರಿಸ್ಬೇನಿನ ಟೂವಾಂಗ್‌ನಲ್ಲಿರುವ ಗೆಳತಿಗೆ ಫೋನ್ ಮಾಡುತ್ತೇನೆ. ಅವಳು ಹಲೋ ಕೂಡ ಅನ್ನುವುದಿಲ್ಲ. "ಟೊಮೇಟೊ ಬಂದ್ವಾ ಅಕ್ಕಾ?" ಅನ್ನುತ್ತಾಳೆ.

ಈ ಗೆಳತಿ ಆಗ ನನ್ನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದವಳು. ದಾವಣಗೆರೆಯವಳು, ನನಗಿಂತ ಎಂಟು ವರ್ಷ ಚಿಕ್ಕವಳು, ನರ್ಸಿಂಗ್ ಓದುತ್ತಾ ವಾರಕ್ಕೆ ಮೂರು ದಿನ ಕೆಲಸಕ್ಕೂ ಹೋಗುತ್ತಿದ್ದಳು. ತಟ್ಟೆಯಲ್ಲಿ ಏನು ಬಿದ್ದರೂ ಅವಳಿಗೆ ಸೈ. ನಾನು ಮೈಸೂರಿನವಳು, ಸಸ್ಯಾಹಾರಿ, ಮೂಗಿನ ತುದಿಯಲ್ಲೇ ಸಿಟ್ಟು. ನಮ್ಮಿಬ್ಬರ ಪಕ್ಕದ ಮನೆಯಲ್ಲಿದ್ದವರು ನೊನ್ನಾ. ಇಟಲಿಯ ದಕ್ಷಿಣ ತುದಿಯ ಯಾವುದೋ ಹಳ್ಳಿಯಿಂದ ಹದಿನೆಂಟನೇ ವಯಸ್ಸಿಗೆ ಹಡಗು ಹತ್ತಿ ಬಂದವರು. ನೊನ್ನಾ ಎಂದರೆ ಅವರ ಭಾಷೆಯಲ್ಲಿ ಅಜ್ಜಿ ಅಷ್ಟೆ, ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು.

ಮನೆಗೆ ಬಂದ ಮೊದಲ ವಾರವೇ ಬೇಲಿಯ ಮೇಲಿಂದ ಒಂದು ತಟ್ಟೆ ಇಣುಕಿತು. ಕುಂಬಳದ ಜಾತಿಯ ಜುಕಿನಿ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿದಿದ್ದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಂಗಿಲ್ಲ, ಓಮವಿಲ್ಲ, ಖಾರವಿಲ್ಲ, ಆದರೂ ಅದು ಬಜ್ಜಿಯೇ! ಖಾಲಿ ತಟ್ಟೆ ಹಿಂದಿರುಗಿಸುವುದು ನಮ್ಮಲ್ಲಿ ಇಲ್ಲವಲ್ಲ, ಮರುದಿನ ಚಿತ್ರಾನ್ನ ತುಂಬಿಸಿ ಕೊಟ್ಟೆ. ಅವರಲ್ಲೂ ಖಾಲಿ ತಟ್ಟೆ ಕೊಡುವ ಪದ್ಧತಿ ಇರಲಿಲ್ಲ ಅಂತ ಕಾಣುತ್ತದೆ. ಎರಡು ದಿನಕ್ಕೆ ಅದೇ ತಟ್ಟೆ ಬದನೆಕಾಯಿ ಹೊತ್ತು ಬಂತು. ಹೀಗೆ ಒಂದೇ ಒಂದು ತಟ್ಟೆ ಆ ಬೇಲಿಯ ಮೇಲೆ ವರ್ಷಗಟ್ಟಲೆ ಓಡಾಡಿತು, ಕೊನೆಗೆ ಅದು ಯಾರದ್ದು ಎಂಬುದೂ ಮರೆತುಹೋಯಿತು.

ನೊನ್ನಾ ಮನೆಯೊಳಗಿನ ಅಡುಗೆಮನೆ ಫಳಫಳ ಹೊಳೆಯುತ್ತಿತ್ತು. ಹೊಳೆಯದೆ ಏನು, ಅಲ್ಲಿ ಕಾಫಿ ಬಿಟ್ಟು ಬೇರೇನನ್ನೂ ಮಾಡುತ್ತಿರಲಿಲ್ಲ. ನಿಜವಾದ ಅಡುಗೆಯೆಲ್ಲ ಗ್ಯಾರೇಜಿನಲ್ಲಿ. ಅಲ್ಲಿ ಹಳೇ ಒಲೆ, ಹಳೇ ಫ್ರಿಜ್, ಹದಿನಾಲ್ಕು ಜನ ಕೂರುವ ಉದ್ದನೆಯ ಮೇಜು. ಕಾರು ಮಾತ್ರ ಹೊರಗೆ ಬಿಸಿಲಲ್ಲಿ ಒಣಗುತ್ತಿತ್ತು. ಭಾನುವಾರ ಮಧ್ಯಾಹ್ನ ಮಗ, ಸೊಸೆ, ಮಗಳು, ಮೊಮ್ಮಕ್ಕಳ ಜೊತೆ ನಮಗೂ ಅಲ್ಲೇ ಊಟ. ಬಿಳಿ ಹುರುಳಿಕಾಯಿಯ ಬೀಜ ಹಾಕಿ ಬೇಯಿಸಿದ ಪಾಸ್ತಾ, ಎಣ್ಣೆಯಲ್ಲಿ ಹಾಕಿಟ್ಟ ದಪ್ಪ ಮೆಣಸಿನಕಾಯಿ, ಅವರೇ ಉಪ್ಪಿಗೆ ಹಾಕಿದ ಆಲಿವ್. ಅವರ ಲೆಕ್ಕದಲ್ಲಿ ಕೋಳಿ ಮಾಂಸಕ್ಕೆ ಸೇರಿದ್ದಲ್ಲ. "ಸ್ವಲ್ಪವೇ ಹಾಕಿದ್ದೀನಿ, ಗೊತ್ತೇ ಆಗಲ್ಲ" ಎಂದು ಅಳಿಯನಿಗೆ ಹೇಳುವಂತೆ ಅವರ ಮುರುಕು ಇಂಗ್ಲಿಷಿನಲ್ಲಿ ಪುಸಲಾಯಿಸುತ್ತಿದ್ದರು. ಸಾಕು ಎಂದು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುವರು. ಮೈಸೂರಿನ ಮದುವೆ ಮನೆಗಳಲ್ಲೂ ನನಗೆ ಅಷ್ಟು ಉಪಚಾರ ಆಗಿರಲಿಲ್ಲ.

ಆದರೆ ಒಂದು ದಿನ ಮಾತ್ರ ಹೊರಗಿನವರಿಗೆ ಆ ಗ್ಯಾರೇಜಿನೊಳಗೆ ಪ್ರವೇಶವಿರಲಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಗೆ ಬರುವ ಸಾಸ್ ದಿನ. ಸಾಸ್ ಎಂದರೆ ನಾವು ಸಮೋಸಕ್ಕೆ ನಂಜಿಕೊಳ್ಳುವ ಸಿಹಿ ಕೆಂಪು ಅಂಟಲ್ಲ. ಟೊಮೇಟೊ ಬೇಯಿಸಿ, ಸಿಪ್ಪೆ ಬೀಜ ಬೇರೆ ಮಾಡುವ ಯಂತ್ರದಲ್ಲಿ ತಿರುವಿ, ಬರೀ ರಸವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ. ಆಮೇಲೆ ಆ ಬಾಟಲಿಗಳನ್ನೆಲ್ಲ ಹಳೇ ಬಟ್ಟೆ ಸುತ್ತಿ ದೊಡ್ಡ ಡ್ರಮ್ಮಿನ ನೀರಲ್ಲಿ ಮುಳುಗಿಸಿ, ಕೆಳಗೆ ಸೌದೆ ಉರಿ ಹಾಕಿ ಕುದಿಸುತ್ತಾರೆ. ಇಡೀ ಕುಟುಂಬಕ್ಕೆ ವರ್ಷದ ಸಾಸ್ ಆ ಒಂದೇ ದಿನ ಆಗಬೇಕು. ಒಳಗೆ ಮೇಜಿನ ಸುತ್ತ ಹೆಂಗಸರು, ಹೊರಗೆ ಉರಿಯ ಹತ್ತಿರ ಗಂಡಸರು. ಎರಡನೇ ವರ್ಷ ನೊನ್ನಾ ಬೇಲಿಯ ಹತ್ತಿರ ಬಂದು, "ಶನಿವಾರ ಬೆಳಿಗ್ಗೆ ಆರು ಗಂಟೆಗೆ ಬನ್ನಿ, ಹಳೇ ಬಟ್ಟೆ ಹಾಕ್ಕೊಂಡು" ಎಂದಾಗ ನನಗೆ ಆದ ಖುಷಿ ವೀಸಾ ಬಂದಾಗಲೂ ಆಗಿರಲಿಲ್ಲ. ಪರದೇಶದಲ್ಲಿ ಒಂದು ಮನೆಯವರು ನನ್ನನ್ನು ಮನೆಯವಳು ಅಂದುಕೊಂಡಿದ್ದರು.

ಶನಿವಾರ ಆರಕ್ಕೆ ಸರಿಯಾಗಿ ಹೋದೆವು. ಬುಟ್ಟಿ ಬುಟ್ಟಿ ಟೊಮೇಟೊ, ಏಪ್ರನ್ ಕಟ್ಟಿದ ಆರು ಜನ ಹೆಂಗಸರು. ನೊನ್ನಾ ಒಬ್ಬೊಬ್ಬರ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಕೇಳುತ್ತಿದ್ದರು. ಸೊಸೆ ಕಣ್ಣು ಮೇಲೆ ಮಾಡಿ ಇಲ್ಲವೆಂದು ತಲೆ ಆಡಿಸಿದಳು. ಮಗಳು ನಕ್ಕಳು. ಆಮೇಲೆ ನನ್ನ ಹತ್ತಿರ ಬಂದು, ದನಿ ತಗ್ಗಿಸಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದರು: "ಇವತ್ತು ನಿನಗೆ ಆ ದಿನ ಅಲ್ಲ ತಾನೆ? ಇದ್ರೆ ಸಾಸ್ ಕೆಡುತ್ತೆ."

ಗೆಳತಿಗೆ ಪಾಪ ಅರ್ಥವೇ ಆಗಲಿಲ್ಲ. ನನಗೆ ಒಂದೇ ಕ್ಷಣಕ್ಕೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಆ ಮೂರು ದಿನ ಉಪ್ಪಿನಕಾಯಿ ಜಾಡಿಯಿದ್ದ ಕಪಾಟಿನ ಕಡೆ ತಲೆ ಹಾಕುವಂತಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಬೇಕೆಂದೇ ಜಾಡಿಗೆ ಕೈ ಹಾಕಿ ಮಿಡಿ ತೆಗೆದು ನಮ್ಮಜ್ಜಿಯ ಎದುರೇ ಕಚ್ಚಿ ತಿಂದಿದ್ದೆ. ಅವರು ಬೈಯಲಿಲ್ಲ. ಜಾಡಿ ಹೊತ್ತುಕೊಂಡು ಹೋಗಿ ಅಷ್ಟನ್ನೂ ಹಿತ್ತಲಲ್ಲಿ ಚೆಲ್ಲಿ ಬಂದರು. ನಾನೇ ಗೆದ್ದೆ ಎಂದು ವರ್ಷಗಟ್ಟಲೆ ಬೀಗಿದ್ದೆ. ಸಮುದ್ರ ದಾಟಿ ಇಷ್ಟು ದೂರ ಬಂದರೆ ಇಲ್ಲೂ ಅದೇ ಪ್ರಶ್ನೆ, ಅದೂ ನಾನು ಇಷ್ಟೊಂದು ಹಚ್ಚಿಕೊಂಡವರ ಬಾಯಲ್ಲಿ! ಮೈ ಉರಿದುಹೋಯಿತು. ಅವತ್ತು ನನಗೆ ಎರಡನೇ ದಿನ.

ಹೌದು ಎಂದಿದ್ದರೆ ಮನೆಗೆ ಕಳಿಸುತ್ತಿದ್ದರು. ಇದೆಲ್ಲ ಮೂಢನಂಬಿಕೆ ಎಂದು ಜಗಳಕ್ಕೆ ನಿಂತಿದ್ದರೂ ಮನೆಗೇ ಹೋಗಬೇಕಿತ್ತು. ನನಗೆ ಆ ಮೇಜು ಬೇಕಾಗಿತ್ತು. "ಇಲ್ಲ ನೊನ್ನಾ" ಅಂದೆ, ಕಣ್ಣು ಮಿಟುಕಿಸದೆ.

ಅಂಥ ದಿನ ನನಗೆ ಆಸ್ಟ್ರೇಲಿಯಾದಲ್ಲಿ ಮತ್ತೆ ಸಿಗಲಿಲ್ಲ. ಮೊಣಕೈವರೆಗೆ ಕೆಂಪಾಗಿ ಕೂತು ಟೊಮೇಟೊ ಹೆಚ್ಚಿದೆವು. ಒಂದೊಂದು ಬಾಟಲಿಗೂ ತುಳಸಿಯ ಜಾತಿಯ ಒಂದೊಂದು ಬೇಸಿಲ್ ಎಲೆ ಇಳಿಬಿಡುವ ಕೆಲಸ ನನ್ನದು. ಹೆಂಗಸರು ಅತ್ತೆಯರ ಚಾಡಿ ಹೇಳಿಕೊಂಡರು. ಇಟಾಲಿಯನ್ ಒಂದಕ್ಷರ ಬಾರದಿದ್ದರೂ ಅತ್ತೆಯ ಚಾಡಿ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ. ಮಧ್ಯಾಹ್ನ ಅದೇ ಹೊಸ ಸಾಸಿನಲ್ಲಿ ಪಾಸ್ತಾ. ಬೆಳ್ಳುಳ್ಳಿ, ಎಣ್ಣೆ, ಉಪ್ಪು ಬಿಟ್ಟು ಬೇರೇನೂ ಇಲ್ಲ. ಮೂರು ಸಲ ಹಾಕಿಸಿಕೊಂಡು ತಿಂದೆ. ಊಟವಾದ ಮೇಲೆ ಗ್ಯಾರೇಜಿನ ಬಾಗಿಲಿಂದ ನೋಡಿದರೆ ನೊನ್ನಾ ಮಗ ಡ್ರಮ್ಮಿನ ಕೆಳಗಿನ ಸೌದೆ ಎಳೆದು ನೀರು ಹಾಕುತ್ತಿದ್ದ. ಗಾಳಿ ಎದ್ದಿತ್ತು, ಸೆಕೆ ಬೇರೆ. ಇಷ್ಟು ಬೇಗ ಆಯಿತೇ ಅನ್ನಿಸಿತು. ಅವರ ಕೆಲಸ ಅವರಿಗೆ ಗೊತ್ತಿರುತ್ತದೆ ಎಂದು ಸುಮ್ಮನಾದೆ.

ಜೂನ್ ಹೊತ್ತಿಗೆ ಬಾಟಲಿಗಳು ಕೆಡತೊಡಗಿದವು. ಒಂದು ಭಾನುವಾರ ಊಟಕ್ಕೆ ಹೋದರೆ ಗ್ಯಾರೇಜಿನ ಕಪಾಟಿನಲ್ಲಿ ಎರಡು ಮುಚ್ಚಳ ತಾವಾಗಿಯೇ ಎದ್ದು, ರಸ ನೊರೆ ಕಟ್ಟಿ ಗೋಡೆಗೆಲ್ಲ ಹಾರಿತ್ತು. ಮುಂದಿನ ವಾರ ಇನ್ನೈದು. ಆಮೇಲೆ ಇಡೀ ಒಂದು ಸಾಲು. ನಾನು ಹೇಳಿಯೇಬಿಟ್ಟೆ, "ನೊನ್ನಾ, ಅವತ್ತು ನಿಮ್ಮ ಮಗ ಉರಿ ಬೇಗ ಆರಿಸಿದ್ರು, ನಾನೇ ನೋಡ್ದೆ." ಅವರು ಕೈ ಬೀಸಿ ತಳ್ಳಿಹಾಕಿದರು. ಅವನು ಆ ಡ್ರಮ್ಮಿನ ಪಕ್ಕದಲ್ಲೇ ಬೆಳೆದವನು, ಅವನಿಗೆ ತಿಳಿಯದೇ ಇರುತ್ತದೆಯೇ ಎಂದರು. ಮಗನೂ ಅಷ್ಟೆ, ಸಾಕಷ್ಟು ಕುದಿಸಿದ್ದೆ ಎಂದು ಮುಖ ತಿರುಗಿಸಿದ. ಗಂಡುಮಗನ ಮೇಲೆ ದೂರು ಹೇಳಿ ಗೆದ್ದವರು ಯಾವ ದೇಶದಲ್ಲಿದ್ದಾರೆ?

ನೊನ್ನಾ ದೂರಿದ್ದು ತಮ್ಮನ್ನೇ. ಕೆಟ್ಟ ಬಾಟಲಿ ಒಂದೊಂದನ್ನೇ ತೆಗೆದು ತೋಟದ ಮೂಲೆಯಲ್ಲಿ ಚೆಲ್ಲುತ್ತಾ, "ನನ್ನ ಕೈ ಹೋಯ್ತು" ಅನ್ನುತ್ತಿದ್ದರು. ಐವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ತೊಳೆಯುವುದರಲ್ಲಿ ಎಡವಿದೆನೋ, ಮುಚ್ಚಳ ಬಿಗಿಯುವುದರಲ್ಲೋ, ಕಣ್ಣು ಮಂಜಾಗಿದೆಯೋ ಎಂದು ಹುಡುಕಿ ಹುಡುಕಿ ತಮ್ಮ ಮೇಲೇ ಹಾಕಿಕೊಳ್ಳುತ್ತಿದ್ದರು. ಮಗ ಸಮಯ ನೋಡಿ, "ಇನ್ನು ಸಾಕಮ್ಮಾ, ಮುಂದಿನ ವರ್ಷದಿಂದ ಅಂಗಡಿಯಲ್ಲೇ ತರೋಣ" ಅಂದ. ನೊನ್ನಾ ಹೂಂ ಅಂದರು. ಅವರು ಜಗಳವಾಡದೆ ಹೂಂ ಅಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಆಮೇಲಿನ ಭಾನುವಾರಗಳಲ್ಲಿ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳತೊಡಗಿದರು. ಒಂದು ವಾರ ಅಡುಗೆಯನ್ನೇ ಮಾಡಲಿಲ್ಲ, ಪಿಜ್ಜಾ ತರಿಸಿದ್ದರು. ಆ ಮೇಜಿನ ಮೇಲೆ ಪಿಜ್ಜಾ ಡಬ್ಬಿ!

ಗೆಳತಿಗೆ ಎಲ್ಲ ಹೇಳಿದೆ. ಅವಳು ಗಹಗಹಿಸಿ ನಕ್ಕಳು. "ನಿಮ್ಮಿಂದ ಕೆಟ್ಟಿದ್ದಲ್ಲ ಅಕ್ಕಾ, ಸರಿಯಾಗಿ ಕುದಿಸ್ದೇ ಇದ್ರೆ ಕೆಡದೇ ಇನ್ನೇನಾಗತ್ತೆ? ನಾನು ನರ್ಸಿಂಗ್ ಓದ್ತಿರೋಳು, ನಂಗೆ ಹೇಳ್ತೀರಾ?"

"ನಂಗೆ ಗೊತ್ತಿಲ್ವೇನೇ? ಅದನ್ನ ಅವರು ನಂಬಲ್ಲ. ನನ್ನಿಂದ ಕೆಡ್ತು ಅಂದ್ರೆ ನಂಬ್ತಾರೆ."

ಅವಳ ನಗು ನಿಂತಿತು. "ಹೇಳಿದ್ರೆ ನಿಮ್ಮನ್ನ ಆ ಮೇಜಿನ ಹತ್ರಾನೂ ಸೇರಿಸಲ್ಲ" ಅಂದಳು.

ಅದು ನನಗೂ ಗೊತ್ತಿತ್ತು. ಎರಡು ವಾರ ಒದ್ದಾಡಿದೆ. ಹುಡುಗಿಯಾಗಿದ್ದಾಗಿನಿಂದ ಯಾವ ಮಾತನ್ನು ಸುಳ್ಳು ಎಂದು ವಾದಿಸುತ್ತಾ ಬಂದಿದ್ದೆನೋ ಅದನ್ನೇ ನನ್ನ ಬಾಯಿಂದ ಹೇಳಬೇಕು. ಹೇಳದಿದ್ದರೆ ನೊನ್ನಾ ಇನ್ನು ಒಲೆ ಹಚ್ಚುವುದಕ್ಕೂ ಹೆದರುತ್ತಾರೆ. ಅವರಿಗೆ ಬೇಕಾಗಿದ್ದದ್ದು ಒಂದು ಕಾರಣ, ತಮ್ಮ ಕೈಯದ್ದಲ್ಲದ ಒಂದು ಕಾರಣ. ಅದು ನನ್ನ ಹತ್ತಿರ ರೆಡಿ ಇತ್ತು.

ಒಂದು ಮಧ್ಯಾಹ್ನ ಅವರೊಬ್ಬರೇ ಇದ್ದಾಗ ಹೋಗಿ, "ಅವತ್ತು ಸುಳ್ಳು ಹೇಳಿದ್ದೆ ನೊನ್ನಾ. ನನಗೆ ಆ ದಿನವೇ ಆಗಿತ್ತು. ಸಾಸ್ ಕೆಟ್ಟದ್ದು ನನ್ನಿಂದಲೇ" ಅಂದೆ. ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಆಮೇಲೆ ಎದ್ದು, ಅವರ ಭಾಷೆಯಲ್ಲಿ ಶುರುಮಾಡಿದ ಬೈಗುಳ ಐದು ನಿಮಿಷವಾದರೂ ಮುಗಿಯಲಿಲ್ಲ. ಮೇಜು ಕುಟ್ಟಿದರು, ಸೌಟು ತೋರಿಸಿದರು. ಮುಖ ಕೆಂಪೇರಿತ್ತು, ಬೆನ್ನು ನೆಟ್ಟಗಾಗಿತ್ತು. ಬೈಯುತ್ತಾ ಬೈಯುತ್ತಲೇ ಒಲೆ ಹಚ್ಚಿ ನೀರಿಟ್ಟರು. ಯಾರನ್ನೂ ಕೇಳದೆ ಉಪ್ಪು ಹಾಕಿದರು. ನಾನು ಬೈಸಿಕೊಳ್ಳುತ್ತಾ ಅತ್ತೆ. ಬೇಸರಕ್ಕೆ ಅತ್ತೆನೋ, ನೆಮ್ಮದಿಗೆ ಅತ್ತೆನೋ, ಇವತ್ತಿಗೂ ಹೇಳಲಾರೆ.

ಮುಂದಿನ ಬೇಸಿಗೆಗೆ ಟೊಮೇಟೊ ಪೆಟ್ಟಿಗೆಗಳು ಬಂದವು. ಮಗ ಗೊಣಗಿದ, ನೊನ್ನಾ ಕೇಳಲಿಲ್ಲ. ನನ್ನನ್ನೂ ಕರೆದರು. ಹೋದಾಗ ನನ್ನನ್ನು ಏನೂ ಕೇಳಲಿಲ್ಲ, ಭುಜ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಡ್ರಮ್ಮಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಆ ವರ್ಷ ನನಗೆ ಅಂಥದ್ದೇನೂ ಇರಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ, ಒಮ್ಮೆ ಸುಳ್ಳು ಹೇಳಿದವಳಲ್ಲವೇ. ಒಳಗೆ ನನ್ನ ಗೆಳತಿ ಬೇಸಿಲ್ ಎಲೆ ಹಾಕುತ್ತಿದ್ದಳು. ಅವರ ನಗು ಕೇಳಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ತುಂಬ ನೋವೂ ಆಯಿತು.

ಮಧ್ಯಾಹ್ನ ಮಗ ಸೌದೆ ಎಳೆಯಲು ಬಂದ. ಸಲಾಕೆ ನನ್ನ ಕೈಯಲ್ಲೇ ಇತ್ತು. "ಇನ್ನೂ ಆಗಿಲ್ಲ" ಅಂದೆ. ಅವನು ಏನೋ ಹೇಳಲು ಹೋಗಿ, ನನ್ನ ಮುಖ ನೋಡಿ, ಬಿಯರ್ ಹುಡುಕಿಕೊಂಡು ಹೋದ. ಗೆಳತಿ ಹೇಳಿಕೊಟ್ಟಷ್ಟು ಹೊತ್ತು, ಅದರ ಮೇಲೆ ಇನ್ನೂ ಅರ್ಧ ಗಂಟೆ, ಹೊಗೆ ಕುಡಿಯುತ್ತಾ ಉರಿ ಕಾದೆ.

ಆ ಚಳಿಗಾಲದಲ್ಲಿ ಒಂದು ಬಾಟಲಿಯೂ ಕೆಡಲಿಲ್ಲ. ನಾನು ಪರ್ತ್‌ಗೆ ಹೊರಡುವ ಮುಂಚಿನ ಭಾನುವಾರ ನೊನ್ನಾ ನನ್ನನ್ನು ಗ್ಯಾರೇಜಿನ ಕಪಾಟಿನ ಮುಂದೆ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆದು, ಕೆಂಪಗೆ ನಿಂತ ಸಾಲುಗಳನ್ನು ತೋರಿಸಿದರು.

"ನೋಡಿದೆಯಾ? ನೀನು ಒಳಗೆ ಇರಲಿಲ್ಲ, ಒಂದೂ ಕೆಡಲಿಲ್ಲ" ಅಂದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು. "ನನ್ನ ಕೈ ಸರಿಯಾಗೇ ಇದೆ."

ಆ ಎರಡೂ ಕೈಗಳನ್ನು ಹಿಡಿದುಕೊಂಡು, "ಸರಿಯಾಗೇ ಇದೆ ನೊನ್ನಾ" ಅಂದೆ. ಅದಂತೂ ನಿಜವೇ ಆಗಿತ್ತು.