ಕಾಗಿಣಾ ನದಿಯ ಮೇಲೆ ಒಂಬತ್ತು ನಿಮಿಷ

1954ನೆಯ ಇಸವಿ. ನಾನಾಗ ಹೈದರಾಬಾದ್ ರಾಜ್ಯದ ಸರ್ಕಾರಿ ನೌಕರಿಯಲ್ಲಿ ಸಬ್ ಓವರ್‌ಸೀಯರ್, ಶಹಾಬಾದಿನಲ್ಲಿ ಪೋಸ್ಟಿಂಗ್. ನಿಜಾಮರ ಆಡಳಿತ ಮುಗಿದು ಆರು ವರ್ಷವಾಗಿದ್ದರೂ ರಸ್ತೆ, ಸೇತುವೆ ನೋಡಿಕೊಳ್ಳುವ ನಮ್ಮಂಥವರನ್ನು ಜನ ಹಳೆಯ ಉರ್ದು ಹೆಸರಿನಿಂದ ‘ತಾಮೀರಾತಿನವರು’ ಎಂದೇ ಕರೆಯುತ್ತಿದ್ದರು. ಮುರುಮ್ ಮಣ್ಣಿನ ರಸ್ತೆಗಳ ಜೊತೆಗೆ ಕಾಗಿಣಾ ನದಿಯ ಒಂದು ದೋಣಿಗಟ್ಟವೂ ನನ್ನ ಸುಪರ್ದಿಗೆ ಬಂದಿತ್ತು. ನನ್ನೂರು ಗುಂಡಗುರ್ತಿ. ಹೊಳೆಯನ್ನು ದಡದಿಂದ ನೋಡಿದವನೇ ಹೊರತು ಇಳಿದವನಲ್ಲ. ಈಜು ಬಾರದವನ ಕೈಗೆ ದೋಣಿಗಟ್ಟ ಕೊಟ್ಟಿದ್ದಾರೆ ನೋಡು ಎಂದು ಗೆಳೆಯರು ಕಾಡಿಸುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ.

ಆ ವರ್ಷ ದಸರೆ ಮುಗಿಯುತ್ತಲೇ ನಮ್ಮ ಎಂಜಿನಿಯರ್ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು. ಒಳ್ಳೆಯ ಮನುಷ್ಯರು, ಕೆಲಸ ಬಲ್ಲವರು. ಆದರೆ ಅವರು ಒಮ್ಮೆ ದನಿ ಎತ್ತಿದರೆ ನಮ್ಮಂಥವರ ಬಾಯಿ ಎರಡು ದಿನ ಒಣಗಿರುತ್ತಿತ್ತು. ಶಹಾಬಾದಿನ ಕಲ್ಲುಗಣಿ ವ್ಯಾಪಾರಿಗಳು, ಕಚೇರಿಯವರು ಸೇರಿ ಅವರಿಗೆ ಬೀಳ್ಕೊಡುಗೆಯ ದಾವತ್ ಕೊಡುವುದೆಂದು ನಿಶ್ಚಯಿಸಿದರು. ದಾವತ್ ಎಲ್ಲಿ ಎಂದು ಕೇಳಿದಾಗ ಸಾಹೇಬರು ನಗುತ್ತ, ‘ಹೊಳೆಯ ಮೇಲೆ’ ಎಂದರು. ಸಂಜೆ ದೋಣಿಯಲ್ಲಿ ಕುಳಿತು ಊಟ, ಒಂದಿಷ್ಟು ಹಾಡು, ನೀರಿನ ಮೇಲಿಂದ ಊರಿನ ಮತ್ತು ಸಿಮೆಂಟ್ ಕಾರ್ಖಾನೆಯ ದೀಪಗಳ ನೋಟ, ಕೊನೆಗೆ ರೈಲು ಸೇತುವೆಯ ಮೇಲೆ ಮೇಲ್ ಗಾಡಿ ಹಾಯುವಾಗ ಅದರ ಕಿಟಕಿಗಳ ಬೆಳಕು ನೀರಿನಲ್ಲಿ ಓಡುವುದನ್ನು ನೋಡುವುದು. ಅವರ ಆಸೆ ಇಷ್ಟೇ. ಏರ್ಪಾಟಿನ ಹೊಣೆ ನನಗೆ ಬಿತ್ತು. ನನ್ನ ನೌಕರಿ ಕಾಯಂ ಆಗುವ ಕಾಗದ ಆಗ ಅವರ ಮೇಜಿನ ಮೇಲಿತ್ತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಗಟ್ಟದ ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ಕಟ್ಟಿಸಿ, ಮೇಲೆ ಹಲಗೆ ಹೊಡೆಸಿ, ಗಾದಿ ಹಾಸಿ, ಲೋಡು ಇಡಿಸಿದೆ. ನಾಲ್ಕು ಬಿದಿರು ನಿಲ್ಲಿಸಿ ಮೇಲೊಂದು ಚಪ್ಪರದ ಬಟ್ಟೆ ಬಿಗಿಸಿದೆ. ಎರಡು ಪೆಟ್ರೋಮ್ಯಾಕ್ಸ್ ದೀಪ ತೂಗುಹಾಕಿಸಿದೆ. ಒಂದು ದೋಣಿಯ ಕಡೆಗೆ ಬಿರಿಯಾನಿಯ ಪಂಕ್ತಿ, ಇನ್ನೊಂದರ ಕಡೆಗೆ ಲಿಂಗಾಯತ ವ್ಯಾಪಾರಿಗಳಿಗೆ ಹೋಳಿಗೆ, ಎಣ್ಣೆಗಾಯಿಯ ಪಂಕ್ತಿ. ನಡುವೆ ಹಾಡುವವರಿಗೆ ಜಾಗ. ನೋಡಿ ನಾನೇ ಹಿಗ್ಗಿದೆ.

ಹಿಗ್ಗದವನು ಅಂಬಿಗರ ಸಾಬಣ್ಣ ಒಬ್ಬನೇ. ಅರವತ್ತು ದಾಟಿದ ಮುದುಕ. ಅವನೂ ಅವನ ತಮ್ಮ ಮರೆಪ್ಪನೂ ಗಟ್ಟದ ದೋಣಿ ನಡೆಸುವವರು. ಸಾಬಣ್ಣ ಗಾದಿಯ ಸುತ್ತ ಒಂದು ಸುತ್ತು ಹಾಕಿ, ‘ಸಾಹೇಬ್ರ, ದೋಣಿ ಅಂಚಿನ ತನಾ ಗಾದಿ ಹಾಸೀರಿ. ನಾ ನಿಂತು ಗಳ ಹಾಕಾಕ ಜಾಗಾ ಎಲ್ಲದ್ರಿ?’ ಎಂದು ಕೇಳಿದ. ಗಳ ಎಂದರೆ ನೆಲಕ್ಕೆ ಊರಿ ದೋಣಿ ನೂಕುವ ಉದ್ದನೆಯ ಬಿದಿರು.

‘ದೋಣಿ ನಡುಹೊಳ್ಯಾಗ ಲಂಗರ ಹಾಕಿ ನಿಂದ್ರತದ, ಕಾಕಾ. ನಿಂತ ದೋಣಿಗಿ ಗಳ ಯಾಕ?’ ಎಂದೆ.

ಹೊಳೆಯ ಮಟ್ಟ ತಿಳಿಯಲು ಸೇಡಂ ಕಡೆ ನದಿಯಲ್ಲಿ ಗೇಜು ಇತ್ತು. ಗೇಜು ಎಂದರೆ ಫೂಟು, ಇಂಚು ಬರೆದ ಒಂದು ಕಂಬ. ದಿನಾ ಬೆಳಿಗ್ಗೆ ಎಂಟಕ್ಕೆ ಅದನ್ನು ಓದಿ ರೈಲ್ವೆ ತಂತಿಯ ಮೂಲಕ ನನಗೆ ತಿಳಿಸುತ್ತಿದ್ದರು. ಆ ದಿನ ಬಂದ ಲೆಕ್ಕ ಎರಡೂವರೆ ಫೂಟು, ಹಿಂದಿನ ದಿನದಷ್ಟೇ. ಮಧ್ಯಾಹ್ನ ಇನ್ನೊಮ್ಮೆ ಓದಿಸಿ ತರಿಸಬಹುದಿತ್ತು. ಮಳೆಗಾಲ ಮುಗಿದಿದೆ, ಸೀಗಿ ಹುಣ್ಣಿಮೆ ಬಂದಿದೆ, ಇನ್ನೆಲ್ಲಿಯ ನೀರು ಎಂದುಕೊಂಡು ನಾನು ತರಿಸಲಿಲ್ಲ. ಆ ಬೆಳಗಿನ ಜಾವ ಚಿಂಚೋಳಿಯ ಆಚೆ ಚಿಮ್ಮನಚೋಡದ ಕಡೆ ಆಕಾಶ ಹರಿದುಬಿದ್ದಂತೆ ಮಳೆಯಾಗಿತ್ತು. ಆ ನೀರು ಮುಲ್ಲಾಮಾರಿ ಹೊಳೆಯಲ್ಲಿ ಇಳಿದು ಕಾಗಿಣಾ ಸೇರಿ, ನಾನು ಲೋಡುಗಳಿಗೆ ಬಿಳಿ ಗವಸು ಹಾಕಿಸುತ್ತಿದ್ದ ಹೊತ್ತಿಗೆ ಸೇಡಂ ದಾಟಿ ನಮ್ಮತ್ತ ಬರುತ್ತಿತ್ತು. ಇದೆಲ್ಲ ನನಗೆ ತಿಳಿದದ್ದು ಮರುದಿನ.

ಸಂಜೆ ಐದೂವರೆಗೆ ಹೊರಟೆವು. ಅತಿಥಿಗಳು ಹನ್ನೆರಡು ಮಂದಿ, ವಾಡಿಯಿಂದ ಕರೆಸಿದ ಗಾಯಕಿ ಚಾಂದಬೀ ಮತ್ತು ವಾದ್ಯ ನುಡಿಸುವ ಅವರ ಮೂವರು ಸಾಜಿನವರು, ಅಂಬಿಗರಿಬ್ಬರು, ನಾನು. ಒಟ್ಟು ಹತ್ತೊಂಬತ್ತು ಜೀವ. ಸೇತುವೆಗೆ ಆರುನೂರು ಗಜ ಮೇಲೆ ನಡುಹೊಳೆಯಲ್ಲಿ ಲಂಗರಿನ ಕಲ್ಲು ಬಿಟ್ಟೆವು. ಕತ್ತಲಾಗುತ್ತ ಊರಿನ ದೀಪಗಳು ಒಂದೊಂದಾಗಿ ಹತ್ತಿದವು. ಕಾರ್ಖಾನೆಯ ಚಿಮಣಿಯ ತುದಿಯ ದೀಪ ಎಲ್ಲಕ್ಕಿಂತ ಮೇಲೆ ಕಾಣುತ್ತಿತ್ತು. ಸಾಹೇಬರು ಲೋಡಿಗೆ ಒರಗಿ, ‘ಏನ್ರಿ ಓವರ್‌ಸೀಯರ್, ಶಹಾಬಾದ್ ಇಷ್ಟು ಛಂದ ಅದ ಅಂತ ಮೂರು ವರ್ಷ ನನಗ ಯಾರೂ ಹೇಳಲೇ ಇಲ್ಲ’ ಎಂದರು. ಆ ಮಾತಿಗೇ ನನಗೆ ಹೊಟ್ಟೆ ತುಂಬಿತು. ಊಟ ಮುಗಿಯಿತು. ಚಾಂದಬೀ ಹಾರ್ಮೋನಿಯಂ ಮುಂದೆ ಎಳೆದುಕೊಂಡರು. ಮೋಡ ಕವಿದು ಚಂದ್ರ ಕಾಣದಾಗಿದ್ದ. ಪೆಟ್ರೋಮ್ಯಾಕ್ಸ್ ಉರಿಯುವಾಗ ಚಂದ್ರನ ನೆನಪು ಯಾರಿಗಿರುತ್ತದೆ?

ಹಾಡಿನ ನಡುವೆ ಯಾರೋ ನನ್ನ ಕೋಟು ಜಗ್ಗಿದರು. ಸಾಬಣ್ಣ. ನನ್ನನ್ನು ದೋಣಿಯ ಮೂತಿಯ ಕಡೆ ಕರೆದು, ಮಾತಾಡದೆ ನನ್ನ ಕೈ ಹಿಡಿದು ಲಂಗರಿನ ಹಗ್ಗದ ಮೇಲೆ ಇಟ್ಟ. ಹಗ್ಗ ಗಡಗಡ ನಡುಗುತ್ತಿತ್ತು. ಸ್ವಲ್ಪ ತಡೆದು, ಮತ್ತೆ ನಡುಗುತ್ತಿತ್ತು.

‘ಏನಿದು, ಕಾಕಾ?’

‘ಹೊಳಿ ಬರಾಕತ್ತದ್ರಿ. ತಳದಾಗ ಫರ್ಸಿ ಹಾಸ್ಯದ, ಕಲ್ಲು ಎಲ್ಲಿ ಹಿಡೀಬೇಕು? ಲಂಗರ ಜಾರಾಕತ್ತದ. ನಾವು ಬ್ರಿಜ್ಜಿನ ಕಡಿಗಿ ಹೊಂಟೀವಿ.’

ಶಹಾಬಾದಿನ ನೆಲವೇ ಹಾಗೆ. ಜನ ಮನೆಯ ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಇಲ್ಲಿ ಹೊಳೆ ತಳದಲ್ಲಿ ಹಾಸಿಕೊಂಡಿದೆ. ಆ ನುಣುಪಿನ ಮೇಲೆ ನಮ್ಮ ಲಂಗರು ಜಾರುತ್ತಿತ್ತು. ನಾನು ತಲೆ ಎತ್ತಿ ನೋಡಿದೆ. ಬಂದಾಗ ಮುಂದಿದ್ದ ಚಿಮಣಿಯ ದೀಪ ಈಗ ಪಕ್ಕಕ್ಕೆ ಸರಿದಿತ್ತು.

‘ದೀಪ ಆರಸ್ಬೇಕ್ರಿ’ ಎಂದ ಸಾಬಣ್ಣ. ‘ಈ ಬೆಳಕಿನ್ಯಾಗ ನನಗ ದಂಡಿ ಕಾಣಂಗಿಲ್ಲ. ಹಾಡು ನಿಂದ್ರಬೇಕು, ನೀರಿನ ಸಪ್ಪಳ ಕೇಳಬೇಕು ನಾ. ಮಂದಿ ಎದ್ದು ನಡಕ್ಕ ಬರಬೇಕು, ಗಳಕ್ಕ ಜಾಗಾ ಆಗ್ಬೇಕು. ಲಗೂ ಹೇಳ್ರಿ.’

ಗಡಿಯಾರ ನೋಡಿದೆ. ಏಳಕ್ಕೆ ಹತ್ತು ನಿಮಿಷ.

ಈಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಆ ಕಾಲದ ಮೆಹಫಿಲಿಗೆ, ಅಂದರೆ ಹಾಡಿನ ಬೈಠಕ್ಕಿಗೆ, ಒಂದು ಅದಬ್ ಇತ್ತು. ಹಾಡು ನಡೆದಾಗ ಯಾರೂ ಏಳಬಾರದು. ದೊಡ್ಡವರ ಮುಂದೆ ಅಡ್ಡ ಹಾಯಬಾರದು. ನಡುವೆ ಬಾಯಿ ಹಾಕಿದರೆ ಹಾಡಿದವರಿಗೂ ಕೂಡಿಸಿದವರಿಗೂ ಅವಮಾನ. ನನ್ನ ಮೈಯಲ್ಲಿ ಆ ಅದಬ್ ರಕ್ತದಂತೆ ಹರಿಯುತ್ತಿತ್ತು. ಹಾಡು ಮುಗಿಯುತ್ತ ಬಂದಿದೆ, ಮುಗಿದ ಕೂಡಲೇ ಹೇಳಿದರಾಯಿತು ಎಂದುಕೊಂಡೆ. ಸಾಹೇಬರ ಹಿಂದೆ ಹೋಗಿ ಕೈಕಟ್ಟಿ ನಿಂತೆ. ಚಾಂದಬೀ ಕೊನೆಯ ಸಾಲಿಗೆ ಬಂದರು. ನಾನು ಬಗ್ಗಿ ಬಾಯಿ ತೆರೆದೆ.

ಸಾಹೇಬರು ಕೈ ಎತ್ತಿ, ‘ಮುಕರ್ರರ್!’ ಎಂದರು. ಮತ್ತೊಮ್ಮೆ ಹಾಡಿ ಎಂದು ಅರ್ಥ.

ಚಾಂದಬೀ ತಲೆಬಾಗಿ ಸಲಾಂ ಮಾಡಿ ಮೊದಲಿನಿಂದ ಎತ್ತಿಕೊಂಡರು. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಹಾಡು ಹೇಗಿತ್ತೆಂದು ಯಾರಾದರೂ ಕೇಳಿದರೆ ನನಗೆ ಒಂದಕ್ಷರ ನೆನಪಿಲ್ಲ. ನೆನಪಿರುವುದು ಚಪ್ಪರದ ಬಿದಿರು ಮತ್ತು ಚಿಮಣಿಯ ದೀಪ. ದೀಪ ಬಿದಿರಿನ ಹತ್ತಿರ ಬಂತು, ಅದರ ಹಿಂದೆ ಮರೆಯಾಯಿತು, ಆಚೆ ಬದಿಯಲ್ಲಿ ಮೂಡಿತು. ಗಾದಿಯ ಮೇಲಿನವರೆಲ್ಲ ಅದೇ ದೀಪದ ಕಡೆ ನೋಡುತ್ತ ವಾಹ್ ವಾಹ್ ಎನ್ನುತ್ತಿದ್ದರು. ಸಾಬಣ್ಣ ದೋಣಿಯ ಮೂತಿಯ ಕಡೆಯಿಂದಲೇ ನನ್ನನ್ನು ನೋಡುತ್ತಿದ್ದ. ನನಗೆ ಅಳು ಬಂತು. ಸಾಯುತ್ತೇವೆ ಎಂದು ಸ್ಪಷ್ಟವಾಗಿ ಅನ್ನಿಸಿತು. ಆದರೂ ತುಟಿ ಅಲುಗಲಿಲ್ಲ.

ಕಣ್ಣು ಗಡಿಯಾರದ ಮೇಲೆ ಬಿತ್ತು, ಏಳಕ್ಕೆ ಒಂದು ನಿಮಿಷ. ಹೇಗೋ ಕೈ ಅಲುಗಿತು. ಒಂದು ಪೆಟ್ರೋಮ್ಯಾಕ್ಸಿನ ತಿರುಪು ಬಿಚ್ಚಿದೆ. ಅದು ಬುಸ್ಸೆಂದು ಆರಿತು. ಸಾಹೇಬರನ್ನು ದಾಟಿ, ಗಾಯಕಿಯ ಮುಂದೆಯೇ ಹಾಯ್ದು, ಎರಡನೆಯದನ್ನೂ ಆರಿಸಿದೆ. ಗವ್ವೆನ್ನುವ ಕತ್ತಲೆ.

‘ಕೌನ್ ಹೈ ವೋ? ಬತ್ತಿ ಲಗಾವ್!’ ಯಾರದು, ದೀಪ ಹಚ್ಚಿ ಎಂದು ಸಾಹೇಬರು ಗುಡುಗಿದರು.

‘ಯಾರೂ ಮಾತಾಡಬ್ಯಾಡ್ರಿ!’ ಎಂದು ಸಾಬಣ್ಣ ಕೂಗಿದ. ಸಾಹೇಬರ ದನಿಗಿಂತ ದೊಡ್ಡ ದನಿ ಅವನ ಎದೆಯಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ‘ನೀರು ಕೇಳ್ರಿ!’

ಆಗ ಎಲ್ಲರಿಗೂ ಕೇಳಿಸಿತು. ನಮ್ಮ ಹಿಂದೆ, ತೀರಾ ಹತ್ತಿರ, ಸೇತುವೆಯ ಕಂಬಗಳಿಗೆ ನೀರು ಬಡಿದು ಭೋರೆನ್ನುತ್ತಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಕಂಬಗಳೂ ಕಂಡವು. ನೂರೈವತ್ತು ಗಜವೂ ಉಳಿದಿರಲಿಲ್ಲ. ದೋಣಿ ಅಡ್ಡ ತಿರುಗಿ ಕಂಬಕ್ಕೆ ಬಡಿದರೆ ಎರಡೂ ದೋಣಿಗಳು ಹೋಳಾಗುತ್ತವೆಂದು ಹೇಳಲು ಅಂಬಿಗನೇ ಬೇಕಾಗಿರಲಿಲ್ಲ. ಒಬ್ಬ ವ್ಯಾಪಾರಿ ‘ಬಸವಾ, ಬಸವಾ’ ಎನ್ನತೊಡಗಿದರು. ಚಾಂದಬೀ ಹಾರ್ಮೋನಿಯಂ ಮುಚ್ಚಿ, ‘ಸಾಬ್, ಏಳ್ರಿ, ನಡಕ್ಕ ಬರ್ರಿ’ ಎಂದು ಸಾಹೇಬರ ತೋಳು ಹಿಡಿದು ಎಬ್ಬಿಸಿದರು. ಅವರು ಕೂಸಿನಂತೆ ಎದ್ದು ಬಂದರು. ಬಿರಿಯಾನಿಯ ಪಂಕ್ತಿ, ಹೋಳಿಗೆಯ ಪಂಕ್ತಿ ಎರಡೂ ಒಬ್ಬರ ಮೈಮೇಲೊಬ್ಬರು ಬಿದ್ದು ನಡುವೆ ಕುಕ್ಕರಿಸಿದವು. ನಾನು ಗಾದಿ, ಲೋಡು ಕೈಗೆ ಸಿಕ್ಕದ್ದನ್ನೆಲ್ಲ ಹೊಳೆಗೆ ಎಸೆದೆ.

ಮರೆಪ್ಪ ಲಂಗರಿನ ಹಗ್ಗಕ್ಕೆ ಕುಡುಗೋಲು ಹಾಕಹೋದ. ‘ಕೊಯ್ಯಬ್ಯಾಡಲೇ! ಎಷ್ಟು ತಡೀತದ ಅಷ್ಟು ತಡೀಲಿ’ ಎಂದ ಅಣ್ಣ. ಜಾರುವ ಆ ಕಲ್ಲೇ ದೋಣಿಯ ಮೂತಿಯನ್ನು ನೆಟ್ಟಗೆ ಹಿಡಿದಿತ್ತು. ಅಣ್ಣತಮ್ಮಂದಿರು ಗಳ ಊರಿ ದೋಣಿಯನ್ನು ಎಡದಂಡೆಯ ಕಡೆ ಓರೆಯಾಗಿ ತಳ್ಳಿದರು. ಕಲ್ಲುಗಣಿಯ ಧಣಿಗಳು ಊಟದ ತಾಟು ಹಿಡಿದು ಒಳನುಗ್ಗಿದ ನೀರನ್ನು ತೋಡಿ ಹೊರಚೆಲ್ಲಿದರು. ನಡುಪ್ರವಾಹ ದಾಟಿದೆವು. ಕೊನೆಯ ಕಂಬವೊಂದು ಉಳಿದಿತ್ತು. ದೋಣಿಯ ಹಿಂಬದಿ ಅದರತ್ತ ತಿರುಗಿತು. ಮರೆಪ್ಪ ಹಾರಿ ಹೋಗಿ ಕಂಬಕ್ಕೂ ದೋಣಿಗೂ ನಡುವೆ ಗಳ ಕೊಟ್ಟ, ಗಳ ಮುರಿಯಿತು, ಅವನು ಬಲಗೈ ಕೊಟ್ಟ.

ಅವನ ಕೂಗು ನನಗೆ ಈಗಲೂ ಕೇಳಿಸುತ್ತದೆ. ಆದರೆ ದೋಣಿ ಕಂಬದಿಂದ ತಿರುಗಿ ದಂಡೆಯ ಜಾಲಿಗಿಡಗಳಿಗೆ ಹೋಗಿ ಸಿಕ್ಕಿತು. ಎದೆಮಟ್ಟದ ನೀರಿನಲ್ಲಿ ಮುಳ್ಳು ಹಿಡಿದು ಹತ್ತೊಂಬತ್ತು ಮಂದಿಯೂ ದಂಡೆ ಹತ್ತಿದೆವು. ಅಷ್ಟರಲ್ಲಿ ಮೇಲ್ ಗಾಡಿ ಸೇತುವೆ ದಾಟಿ ಹೋಯಿತು. ಯಾರೂ ತಲೆ ಎತ್ತಿ ನೋಡಲಿಲ್ಲ.

ಮರೆಪ್ಪನನ್ನು ಸಾಹೇಬರ ಜೀಪಿನಲ್ಲೇ ದವಾಖಾನೆಗೆ ಒಯ್ದೆವು. ಮೂರನೆಯ ದಿನ ಮಣಿಕಟ್ಟಿನ ಮೇಲೆ ಅವನ ಕೈ ತೆಗೆದರು.

ನಾನು ರಿಪೋರ್ಟ್ ಬರೆಯಬೇಕಾಗಿತ್ತು. ‘ಹೊಳೆ ಏರಿದ್ದು ಗಮನಕ್ಕೆ ಬಂದ ಕೂಡಲೇ ದೀಪ ಆರಿಸಿ ಕ್ರಮ ಕೈಗೊಳ್ಳಲಾಯಿತು’ ಎಂದು ಬರೆದೆ. ಸಾಕ್ಷಿಗೆ ಹೆಬ್ಬೆಟ್ಟು ಒತ್ತಲು ಸಾಬಣ್ಣನನ್ನು ಕರೆಸಿ ಓದಿ ಹೇಳಿದೆ.

‘ನಾ ಹೇಳಿದ್ದು ಯಾವಾಗ, ನೀವು ಆರಿಸಿದ್ದು ಯಾವಾಗ, ಅದು ಇಲ್ಲೇನ್ರಿ ಇದರಾಗ?’ ಎಂದ. ‘ಇಲ್ಲಾಂದ್ರ ಮಂದಿ ಏನಂತಾರ? ಅಂಬಿಗ ನಿದ್ದಿ ಹೊಡೀಲಿಕತ್ತಿದ್ದ, ತಮ್ಮನ ಕೈ ತಾನ ತಿಂದ ಅಂತಾರ.’

ಅವನು ಸಿಟ್ಟಿನಿಂದ ಹೇಳಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆನೇನೋ. ಹಾಗೆ ಹೇಳಲಿಲ್ಲ. ಆ ಕಾಗದ ಹರಿದು ಬೇರೆ ಬರೆದೆ: ಏಳಕ್ಕೆ ಹತ್ತು ನಿಮಿಷವಿರುವಾಗ ಅಂಬಿಗ ನನಗೆ ತಿಳಿಸಿದ, ಏಳಕ್ಕೆ ಒಂದು ನಿಮಿಷವಿರುವಾಗ ನಾನು ದೀಪ ಆರಿಸಿದೆ, ನಡುವಿನ ಒಂಬತ್ತು ನಿಮಿಷ ನಾನು ಏನೂ ಮಾಡಲಿಲ್ಲ. ಸಾಹೇಬರು ಅದನ್ನು ಎರಡು ಸಲ ಓದಿದರು. ‘ನನ್ನ ಮುಕರ್ರರ್ ಕೂಡ ಬರೀರಿ’ ಎಂದರು. ಬರೆದೆ. ತಪ್ಪು ಅವರ ತಲೆಗೆ ಬರದೆ ಅಂಬಿಗರ ಗಟ್ಟ ಅಂಬಿಗರಿಗೆ ಉಳಿಯಿತು. ನಾನು ಕಾಯಂ ಆಗುವುದು ಎರಡು ವರ್ಷ ಮುಂದೆ ಹೋಯಿತು. ಅದಕ್ಕೆ ನಾನು ಯಾರನ್ನೂ ದೂರಲಿಲ್ಲ.

ಗಾಯ ಮಾಗಿದ ಮೇಲೆ ಒಂದು ದಿನ ಮರೆಪ್ಪನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಕುಳಿತು ಎಡಗೈಯಲ್ಲಿ ಹಗ್ಗ ಹೊಸೆಯುವುದನ್ನು ಕಲಿಯುತ್ತಿದ್ದ. ಹಗ್ಗದ ಒಂದು ತುದಿ ಹಲ್ಲಿನಲ್ಲಿತ್ತು. ‘ಬರ್ರಿ, ಕುಂದ್ರಿ’ ಎಂದ. ನಾನು ಕೂರಲಾರದೆ ನಿಂತೇ ಇದ್ದೆ.

‘ಮರೆಪ್ಪ, ಆ ಹೊತ್ತು ನಾ ಅಂಜಿಬಿಟ್ಟೆ’ ಎಂದೆ.

‘ನೀರಿಗಿ ಯಾರು ಅಂಜಂಗಿಲ್ರಿ?’

‘ನೀರಿಗಲ್ಲ. ಸಾಹೇಬರಿಗಿ.’

ಅವನು ಹಗ್ಗ ಕೆಳಗಿಟ್ಟು ನನ್ನನ್ನು ನೋಡಿದ. ನಗಲಿಲ್ಲ. ‘ನಾವೂ ಅವರಿಗೇ ಅಂಜಿದ್ವಿ, ನೋಡ್ರಿ’ ಎಂದ. ‘ಇಲ್ಲಾಂದ್ರ ನಿಮಗ್ಯಾಕ ಹೇಳ್ತಿದ್ವಿ? ಒಂದು ದೀಪ ನನ್ನ ತೆಲಿ ಮ್ಯಾಗೇ ತೂಗಾಡ್ತಿತ್ತು. ಆಗ ನನಗ ಎರಡೂ ಕೈ ಇದ್ದವು.’

ಅದಾದ ಮೇಲೆ ಮೂವತ್ತು ವರ್ಷ ನೌಕರಿ ಮಾಡಿದೆ; ನಾನೇ ಸಾಹೇಬನಾದೆ. ಗೇಜನ್ನು ದಿನಕ್ಕೆ ಮೂರು ಸಲ ಓದಿಸಿದೆ. ಅದು ಸುಲಭದ ಕೆಲಸ. ನನ್ನ ಎದುರು ಕೈಕಟ್ಟಿ ನಿಂತವರ ಬಾಯಿ ಬಿಡಿಸುವುದು ಕಷ್ಟದ ಕೆಲಸವಾಗಿತ್ತು. ನಾನು ದನಿ ಎತ್ತಿದ ಪ್ರತಿ ಸಲವೂ ಎದುರಿನವನು ಯಾವುದೋ ಒಂದು ಮಾತನ್ನು ನುಂಗುತ್ತಿದ್ದಾನೆಂದು ನನಗೆ ಗೊತ್ತಿರುತ್ತಿತ್ತು. ಆ ಮಾತಿನ ಬೆಲೆ ಯಾರ ಕೈಯೋ ಎಂದು ನಾನು ಅಂಜುತ್ತಿದ್ದೆ.