ಪರೀಕ್ಷೆಗೆ ಕೂಡ್ರದವರು

ಪೇಪರಿನಲ್ಲಿ ಯಾವ ಪಟ್ಟಿ ಕಂಡರೂ ಕೆಳಗಿನಿಂದ ಮೇಲಕ್ಕೆ ಓದುವ ಚಟ ನನಗೆ. ಶಾಲೆಯಲ್ಲಿ ಹಾಗೆ ಓದಿದರೇ ನನ್ನ ಹೆಸರು ಬೇಗ ಸಿಗುತ್ತಿತ್ತು. ಮೊನ್ನೆ, ಯಾವ ದೇಶದ ಮಕ್ಕಳು ಗಣಿತದಲ್ಲಿ ಮುಂದೆ, ಯಾರು ಹಿಂದೆ ಎಂಬ ಪಟ್ಟಿ ಬಂದಿತ್ತು. ಕೆಳಗಿನಿಂದ ತುದಿಯವರೆಗೆ ಹತ್ತಿದರೂ ಭಾರತ ಸಿಗಲಿಲ್ಲ. ನಾವು ಪರೀಕ್ಷೆಗೇ ಕೂತಿರಲಿಲ್ಲವಂತೆ. ಕೂಡ್ರದವನಿಗೆ ನಾಪಾಸಿನ ಹೆದರಿಕೆಯಿಲ್ಲ ಎಂದು ಸಮಾಧಾನಪಟ್ಟುಕೊಂಡೆ. ಆಮೇಲೆ ಅಕ್ಕ ನೆನಪಾದಳು, ಸಮಾಧಾನ ಹೋಯಿತು.

ನಮ್ಮ ಬನಹಟ್ಟಿ ಕಡೆ ಆಗ ಶಾಲೆಗಳಿಗೆ ಒಂದೇ ಜಿದ್ದು: ಹತ್ತನೆಯ ತರಗತಿಯ ಫಲಿತಾಂಶ ಯಾರದು ಹೆಚ್ಚು? ನಮ್ಮ ಹೆಡ್‌ಮಾಸ್ತರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಅನುಮಾನದ ಮಕ್ಕಳನ್ನು ಒಂಬತ್ತರಲ್ಲೇ ನಿಲ್ಲಿಸುವುದು. ಅಕ್ಕ ಶಾಂತವ್ವ ಒಂಬತ್ತು ಪಾಸಾಗಿದ್ದಳು, ಲೆಕ್ಕದಲ್ಲಿ ಮಾತ್ರ ಹೇಗೋ ದಾಟಿದ್ದಳು. ಒಂದು ಸಂಜೆ ಹೆಡ್‌ಮಾಸ್ತರರು ಮನೆಗೇ ಬಂದರು. ಅಪ್ಪ ಮಗ್ಗದ ಕುಣಿಯಿಂದೆದ್ದು ಕೈಮುಗಿದ.

"ಹುಡುಗಿ ಈ ವರ್ಸ ಒಂಬತ್ತರಾಗ ಇರ್ಲಿ. ಮುಂದಿನ ವರ್ಸ ಗಟ್ಟಿಯಾಗಿ ಪರೀಕ್ಷಾಕ್ಕ ಕುಂದ್ರತಾಳ. ಸಾಲಿ ಮರ್ಯಾದಿ ಪ್ರಶ್ನೆ ಐತಿ," ಎಂದರು.

"ನೀವು ಹೇಳಿದ ಮ್ಯಾಲ ಆತ್ರಿ, ಸರ," ಎಂದ ಅಪ್ಪ. ಅವರು ಹೊಸ್ತಿಲು ತುಳಿದದ್ದೇ ಅವನಿಗೆ ದೊಡ್ಡದಾಗಿತ್ತು.

"ನಾ ಪಾಸಾಗೇನಲ್ರಿ, ಸರ," ಎಂದಳು ಬಾಗಿಲ ಹಿಂದಿನಿಂದ ಅಕ್ಕ. ಅಪ್ಪ ಮಾಸ್ತರರಿಗೆ ಚಾ ತರಲು ಹೇಳಿದ.

ತನಗಿಂತ ಚಿಕ್ಕವರ ಜೊತೆ ಮತ್ತೆ ಅದೇ ಪಾಠ ಕೇಳಲು ನಾಚಿ ಅವಳು ಶಾಲೆ ಬಿಟ್ಟಳು, ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಳು. ಮರುವರ್ಷ ಶಾಲೆ ತಾಲೂಕಿಗೇ ಮೊದಲು. ಹಲಗೆ ಬಾರಿಸುತ್ತ ಮೆರವಣಿಗೆ ಬಂತು, ಮನೆಮನೆಗೆ ಪೇಢೆ ಹಂಚಿದರು, ನಮಗೂ. ಅಕ್ಕ ತನ್ನದನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ನಾನು ತಿಂದೆ. ರುಚಿಯಾಗಿಯೇ ಇತ್ತು.

ಹೆಡ್‌ಮಾಸ್ತರರು ಕೆಟ್ಟವರಲ್ಲ, ಪಾಠದಲ್ಲಿ ಎತ್ತಿದ ಕೈ. ತಾಲೂಕಿನ ಫಲಿತಾಂಶದ ಪಟ್ಟಿಯೂ ಸುಳ್ಳಲ್ಲ, ಕೂತವರೆಲ್ಲ ಪಾಸಾದದ್ದು ಖರೆ. ಆದರೂ ಶಾಲೆ ಎಂಥದೆಂದು ಯಾರಾದರೂ ಕೇಳಿದರೆ ನನಗೆ ಬಾಗಿಲ ಹಿಂದಿನ ಆ ದನಿಯೇ ಕೇಳಿಸುತ್ತದೆ.

ನಿನ್ನೆ ಅಕ್ಕ ತನ್ನ ಗಂಡನ ಊರು ಚಿಮ್ಮಡದಿಂದ ಬಂದಿದ್ದಳು. ದೇಶಗಳ ಪಟ್ಟಿ ತೋರಿಸಿದೆ. ಚಾಳೀಸು ಕನ್ನಡಕ ಏರಿಸಿ ತಾನೇ ಓದಿದಳು.

"ಮೊದಲ ನಂಬರ ಬಂದವರು ಎಷ್ಟ ಮಂದೀನ ಮನಿಯಾಗ ಕುಂದರಿಸ್ಯಾರ, ಅದನ್ನೂ ಬರದಾರೇನೋ ತಮ್ಮಾ?"

ಪಟ್ಟಿಯನ್ನು ಇನ್ನೊಮ್ಮೆ ಕೆಳಗಿನಿಂದ ಓದಿದೆ. ಬರೆದಿರಲಿಲ್ಲ.