ಹುಲ್ಲೇ ಸಾಕ್ಷಿ

ಸ್ನೇಹಿತರೇ, ಇವತ್ತಿನಿಂದ ನಾನೊಬ್ಬ ಉದ್ಯಮಿ. ಅಮೆರಿಕದ ಫೋರ್ಟ್ ಮಿಲ್ ಊರಿನ ನಮ್ಮ ಮನೆಗೆ ತೆರಿಗೆಯವರ ಪತ್ರ ಬಂದಿದೆ. ಸ್ವಂತ ಉದ್ಯೋಗದವರು ಕಟ್ಟಬೇಕಾದ ಸೋಶಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ತೆರಿಗೆಯನ್ನು ನಾನು ಕಟ್ಟಿಲ್ಲವಂತೆ. ನಾನು ಸಂಬಳದವನು, ಅದನ್ನು ಕಂಪನಿಯೇ ಮುರಿದುಕೊಳ್ಳುತ್ತದೆ.

ಫೋನ್ ಮಾಡಿ ಮುಕ್ಕಾಲು ಗಂಟೆ ಕಾದ ಮೇಲೆ ಸಿಕ್ಕ ಮಹಿಳೆ, "ನಿಮ್ಮದು ಲಾನ್ ಕತ್ತರಿಸುವ ಬಿಸಿನೆಸ್ ಅಲ್ಲವೇ?" ಎಂದಳು. ಪಾಸ್‌ಪೋರ್ಟಿನಲ್ಲಿ ನನಗಿರುವುದು ಮಂಜುನಾಥ ಎಂಬ ಒಂದೇ ಹೆಸರು. ಇಲ್ಲಿನ ದಾಖಲೆಗಳಲ್ಲಿ ಅದು ಕೊನೆಯ ಹೆಸರಿನ ಜಾಗಕ್ಕೆ ಹೋಗಿ, ನನ್ನ ಮೊದಲ ಹೆಸರು "ಗೊತ್ತಿಲ್ಲ" ಎಂದಾಗಿದೆ. ಇನ್ನೊಬ್ಬ "ಗೊತ್ತಿಲ್ಲ ಮಂಜುನಾಥ"ನ ಲೆಕ್ಕಕ್ಕೆ ನನ್ನನ್ನು ಅಂಟಿಸಿದ್ದಾರೆ.

"ಸಂಬಳದ ಚೀಟಿ ಕಳಿಸುತ್ತೇನೆ" ಎಂದೆ.

"ಕೆಲಸದ ಜೊತೆಗೂ ಬಿಸಿನೆಸ್ ಮಾಡಬಹುದಲ್ಲ" ಎಂದಳು. ನನ್ನ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ.

ಅಷ್ಟರಲ್ಲಿ, ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಒಂದು ಕಾಗದ ಕಿತ್ತು ತಂದಳು. ನಮ್ಮ ಅಂಗಳದ ಹುಲ್ಲು ಮೊಣಕಾಲುದ್ದ ಬೆಳೆದಿದೆ ಎಂದು ಬಡಾವಣೆಯ ಸಂಘದವರು ಕೊಟ್ಟ ಮೂರನೇ ಎಚ್ಚರಿಕೆ. "ಇದನ್ನ ಓದಿ ಹೇಳಿ ಅವ್ರಿಗೆ" ಎಂದಳು. ಓದಿದೆ.

ಫೋನಿನಲ್ಲಿದ್ದ ಮಹಿಳೆ, "ಅದನ್ನೂ ಕಳಿಸಿ. ಆರು ವಾರದಲ್ಲಿ ತಿಳಿಸುತ್ತೇವೆ" ಎಂದಳು.

"ಈಗ್ಲಾದ್ರೂ ಹುಲ್ಲು ಕಟ್ ಮಾಡ್ತೀರಾ?" ಎಂದು ಹೆಂಡತಿ ಕೇಳಿದಳು. ಕೇಸು ಮುಗಿಯುವವರೆಗೆ ಸಾಕ್ಷ್ಯವನ್ನು ಮುಟ್ಟುವಂತಿಲ್ಲ ಎಂದು ಹೇಳಿದ್ದೇನೆ.